ಮಾಸಾಶನ ನಿರಾಕರಣೆ: ಎದೆಗುಂದುವ ಮುನ್ನ ಹಿಂಬರಹ ಓದಿ

ಇಟ್ಟಮಡುವಿನ ಇಕ್ಕಟ್ಟಾದ ಅಡ್ಡರಸ್ತೆಯಲ್ಲಿ ಒಂದು ಬಾಡಿಗೆ ಮನೆಯನ್ನು ಕಲ್ಪಿಸಿಕೊಳ್ಳಿ. ಬಾಲ್ಯದಲ್ಲಿ ಪೋಲಿಯೋ ಬಂದು ಬಲಗಾಲು ಸಣ್ಣಗಾದ ಗೃಹಿಣಿಗೆ ಈಗ ಐವತ್ತು ದಾಟಿದೆ. ಹೊಲಿಗೆ ಯಂತ್ರ ತುಳಿಯಲು ಆಗುತ್ತಿಲ್ಲ. ನಾಲ್ಕೈದು ವರ್ಷಗಳಿಂದ ಕಿವಿಯೂ ಮಂದವಾಗಿದೆ. ಮಗನ ಒತ್ತಾಯಕ್ಕೆ ಅಂಗವಿಕಲರ ಮಾಸಾಶನ ಕೇಳಿದರು. ವೈದ್ಯರು ಕಾಲು ನೋಡಿ ಶೇ. 30 ಎಂದು ಬರೆದರು. ಮಾಸಾಶನಕ್ಕೆ ಬೇಕಾದದ್ದು ಶೇ. 40. ಅರ್ಜಿ ವಾಪಸಾಯಿತು. ‘ನಾನೇನು ನಾಟಕ ಆಡ್ತಿದೀನಾ?’ ಎಂದು ಆಕೆ ಅಂದಿನಿಂದ ಸರಿಯಾಗಿ ಊಟ ಮಾಡಿಲ್ಲ, ನಿದ್ದೆ ಮಾಡಿಲ್ಲ.

ಇಂಥ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಅರ್ಜಿ ತಿರಸ್ಕಾರವಾದೊಡನೆ ಬಹಳ ಮಂದಿ ಕೈಚೆಲ್ಲುತ್ತಾರೆ. ಹಾಗೆ ಮಾಡಬೇಕಿಲ್ಲ.

ಅಡ್ಡಿ ಎಲ್ಲಿದೆ?

ಮೊದಲು ತಿಳಿಯಬೇಕಾದದ್ದು, ‘ಇಲ್ಲ’ ಎಂದವರು ಯಾರು ಎಂಬುದು. ಅಂಗವಿಕಲತೆ ಎಷ್ಟಿದೆ ಎಂದು ಹೇಳುವುದು ವೈದ್ಯಕೀಯ ಪ್ರಾಧಿಕಾರ. ಮಾಸಾಶನ ಮಂಜೂರು ಮಾಡುವುದು ಕಂದಾಯ ಇಲಾಖೆ. ಆದಾಯ ಮಿತಿ ಮೀರಿದೆ, ಪಡಿತರ ಚೀಟಿಯಲ್ಲಿ ಹೆಸರು ಬೇರೆ ಇದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ ಎಂಬಂಥ ತಕರಾರುಗಳಿಗೆ ಆಸ್ಪತ್ರೆಗೆ ಅಲೆದು ಫಲವಿಲ್ಲ. ಅವನ್ನು ನಾಡಕಚೇರಿಯಲ್ಲೇ ಸರಿಪಡಿಸಬೇಕು. ತಹಸೀಲ್ದಾರರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಕೊಡಬಹುದು.

ಆದ್ದರಿಂದ ಬಾಯಿಮಾತಿನ ‘ಆಗಲ್ಲ’ ಕೇಳಿಕೊಂಡು ಮನೆಗೆ ಬರಬೇಡಿ. ಕಾರಣ ಬರೆದ ಹಿಂಬರಹ ಕೇಳಿ ಪಡೆಯಿರಿ. ಅಂಗವಿಕಲತೆ ಇಲ್ಲವೆಂದು ಪ್ರಮಾಣಪತ್ರ ನಿರಾಕರಿಸಿದಾಗ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿಯ ನಿಯಮಗಳೇ ಹೇಳುತ್ತವೆ. ವೈದ್ಯಕೀಯ ತೀರ್ಮಾನದ ವಿರುದ್ಧ ಮೇಲ್ಮನವಿಗೂ ಅದೇ ಕಾಯ್ದೆಯ 59ನೇ ಸೆಕ್ಷನ್‌ನಲ್ಲಿ ಅವಕಾಶವಿದೆ. ಹಿಂಬರಹದ ತಾರೀಖು ಗುರುತಿಟ್ಟುಕೊಂಡು ತಡಮಾಡದೆ ಸಲ್ಲಿಸಿ.

ಶೇಕಡಾ ಲೆಕ್ಕದ ಗುಟ್ಟು

1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ಅಂಗವಿಕಲತೆಗಳಷ್ಟೇ ಇದ್ದವು. 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಈಗಿನ ಕಾಯ್ದೆಯಲ್ಲಿ 21 ಇವೆ. ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫೀಲಿಯಾ, ಥಲಸ್ಸೀಮಿಯಾ, ಆಟಿಸಂ, ಆಸಿಡ್ ದಾಳಿಯ ಗಾಯ ಇವೆಲ್ಲ ಸೇರಿವೆ. ಕಣ್ಣಿಗೆ ಕಾಣದ ಕಾಯಿಲೆ ಎಂದು ಸುಮ್ಮನಿದ್ದವರು ಒಮ್ಮೆ ವೈದ್ಯರನ್ನು ಕೇಳಿ ನೋಡಿ.

ಎರಡು ತೊಂದರೆಗಳಿದ್ದಾಗ ಅವುಗಳನ್ನು ಸೇರಿಸಿ ಲೆಕ್ಕ ಹಾಕುವ ಸೂತ್ರವಿದೆ. ಹಾಗೆಂದು ಸುಮ್ಮನೆ ಕೂಡುವುದಲ್ಲ. ದೊಡ್ಡ ಅಂಕವನ್ನು 90ರಿಂದ ಕಳೆದು, ಉಳಿದದ್ದನ್ನು ಚಿಕ್ಕ ಅಂಕದಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಕ್ಕೆ ಸೇರಿಸುತ್ತಾರೆ. ಕಾಲಿಗೆ 30, ಕಿವಿಗೆ 30 ಬಂದರೆ ಒಟ್ಟು 50 ಆಗುತ್ತದೆ. ನಮ್ಮ ಇಟ್ಟಮಡುವಿನ ಗೃಹಿಣಿ ಕಾಲನ್ನು ಮಾತ್ರ ತೋರಿಸಿದ್ದರು. ಕಿವಿಯ ಮಾತು ಎತ್ತಲೇ ಇಲ್ಲ, ‘ವಯಸ್ಸಾಯ್ತಲ್ಲ’ ಎಂದುಕೊಂಡು.

ವೈದ್ಯರ ಮುಂದೆ ಹೇಗೆ ಹೇಳಬೇಕು?

ನಮ್ಮವರ ಸ್ವಭಾವ ನಿಮಗೆ ಗೊತ್ತೇ ಇದೆ. ಆಸ್ಪತ್ರೆಗೆ ಹೊರಟರೆ ಒಳ್ಳೆಯ ಸೀರೆ ಉಟ್ಟು, ‘ಹೇಗಿದ್ದೀರಮ್ಮ?’ ಎಂದರೆ ‘ಚೆನ್ನಾಗಿದೀನಿ ಡಾಕ್ಟ್ರೇ, ಎಲ್ಲಾ ನಾನೇ ಮಾಡ್ಕೋತೀನಿ’ ಎನ್ನುತ್ತೇವೆ. ಮರ್ಯಾದೆಗೆ ಆಡಿದ ಈ ಮಾತು ಪರೀಕ್ಷೆಯಲ್ಲಿ ನಮಗೇ ಮುಳುವಾಗುತ್ತದೆ. ಇಲ್ಲದ್ದನ್ನು ಹೇಳುವುದು ತಪ್ಪು. ಇರುವುದನ್ನು ಮುಚ್ಚಿಡುವುದೂ ತಪ್ಪೇ.

* ಹೋಗುವ ಮುನ್ನ ಒಂದು ವಾರ, ಏನೇನು ಮಾಡಲಾಗಲಿಲ್ಲ, ಯಾರ ಸಹಾಯ ಬೇಕಾಯಿತು ಎಂದು ಬರೆದಿಡಿ.
* ಹಳೆಯ ಚೀಟಿ, ಎಕ್ಸ್‌ರೇ, ಶ್ರವಣ ಪರೀಕ್ಷೆಯ ವರದಿ, ಆಸ್ಪತ್ರೆಯಿಂದ ಬಿಡುಗಡೆಯಾದ ಪತ್ರ ಎಲ್ಲವನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ, ಜೆರಾಕ್ಸ್ ಇಟ್ಟುಕೊಳ್ಳಿ.
* ದಿನವೂ ಜೊತೆಗಿರುವವರೊಬ್ಬರನ್ನು ಕರೆದೊಯ್ಯಿರಿ.
* ಜಿಲ್ಲೆಯ ಪ್ರಾಧಿಕಾರವಲ್ಲದೆ, ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯಲ್ಲೂ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ನಿಯಮದಲ್ಲಿ ಅವಕಾಶವಿದೆ.
* ಪ್ರಮಾಣಪತ್ರ ತಾತ್ಕಾಲಿಕವಾಗಿದ್ದರೆ ಮುಗಿಯುವ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತಿಡಿ. ನವೀಕರಣ ಮರೆತರೆ ಬರುತ್ತಿದ್ದ ಹಣವೂ ನಿಲ್ಲಬಹುದು.

ಬದಲಾಗುತ್ತಿರುವ ನಿಯಮಗಳು

2021ರ ಜೂನ್‌ನಿಂದ ಪ್ರಮಾಣಪತ್ರದ ಕೆಲಸವೆಲ್ಲ ಆನ್‌ಲೈನ್ ಆಗಿದೆ. ದೇಶಕ್ಕೆಲ್ಲ ಒಂದೇ ಆದ ಯುಡಿಐಡಿ ಗುರುತಿನ ಚೀಟಿ ಬಂದಿದೆ. ಮೌಲ್ಯಮಾಪನದ ಮಾರ್ಗಸೂಚಿಗಳು 2024ರ ಮಾರ್ಚ್‌ನಲ್ಲಿ ಪರಿಷ್ಕೃತವಾದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ನಿಯಮಗಳೂ ತಿದ್ದುಪಡಿಯಾದವು. ಅದರಂತೆ ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ ಚೀಟಿ. ಪ್ರಮಾಣಪತ್ರ ಕೊಡಲು ಮೊದಲು ಒಂದು ತಿಂಗಳಿದ್ದ ಗಡುವು ಮೂರು ತಿಂಗಳಾಗಿದೆ. ಎರಡು ವರ್ಷ ತೀರ್ಮಾನವಾಗದೆ ಉಳಿದ ಅರ್ಜಿ ನಿಷ್ಕ್ರಿಯವಾಗುತ್ತದೆ. ಹಾಕಿದ ಅರ್ಜಿಯನ್ನು ಮರೆತು ಕೂರುವಂತಿಲ್ಲ ಎಂದರ್ಥ. ಅರ್ಜಿ ಸಂಖ್ಯೆಯನ್ನು ಜೋಪಾನ ಮಾಡಿ, ಆಗಾಗ ವಿಚಾರಿಸುತ್ತಿರಿ.

ಮೊತ್ತದ ಬಗ್ಗೆ ಒಂದು ಮಾತು. 2021ರ ಏರಿಕೆಯಲ್ಲಿ ಶೇ. 40ರಿಂದ 75ರೊಳಗಿನವರಿಗೆ ರಾಜ್ಯದ ಮಾಸಾಶನ ತಿಂಗಳಿಗೆ 600 ರೂಪಾಯಿಯಿಂದ 800ಕ್ಕೆ ಏರಿತು. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಗೆ ಶೇ. 80 ಇರಬೇಕು, ಬಡತನ ರೇಖೆಯ ಕೆಳಗಿರಬೇಕು. ಒಂದರ ಮಿತಿಯನ್ನು ಇನ್ನೊಂದರದ್ದೆಂದು ತಿಳಿದು ಹಿಂದೆ ಸರಿಯಬೇಡಿ. ಆದಾಯದ ಕಾರಣಕ್ಕೆ ಮಾಸಾಶನ ಸಿಗದಿದ್ದರೂ ಪ್ರಮಾಣಪತ್ರ ವ್ಯರ್ಥವಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವಿಕಲತೆ ಇರುವವರಿಗೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಆರೋಗ್ಯ ವಿಮೆ ಒಂದು ಲಕ್ಷ ರೂಪಾಯಿವರೆಗೆ ನೆರವಾಗುತ್ತದೆ.

ಮನಸ್ಸಿಗೂ ಆರೈಕೆ ಬೇಕು

ತಿರಸ್ಕಾರದ ಕಾಗದ ಬಂದ ದಿನ ಮನೆಯವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಮುಖ್ಯ. ‘ನಿನಗೆ ಮಾತಾಡೋಕೇ ಬರಲ್ಲ’ ಎಂಬ ಮಾತು ಕಾಗದಕ್ಕಿಂತ ಹೆಚ್ಚು ನೋಯಿಸುತ್ತದೆ. ಶೇ. 30 ಎಂಬುದು ಒಂದು ಅಳತೆ. ಆ ವ್ಯಕ್ತಿಯ ನೋವು ಸುಳ್ಳೆಂಬ ತೀರ್ಪು ಅದಲ್ಲ ಎಂದು ಬಿಡಿಸಿ ಹೇಳಿ. ಕಚೇರಿಯ ಓಡಾಟವನ್ನು ಒಬ್ಬರ ತಲೆಗೇ ಕಟ್ಟದೆ ಹಂಚಿಕೊಳ್ಳಿ. ಹಣ ಬಂದಿಲ್ಲವೆಂದು ಔಷಧಿ, ವ್ಯಾಯಾಮ ನಿಲ್ಲಿಸಬೇಡಿ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕು ಬೇಡ ಎಂಬ ಮಾತು ಬಂದರೆ ತಕ್ಷಣವೇ, ವೈದ್ಯರನ್ನು ಕಾಣಿ. ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು.

ಆ ಗೃಹಿಣಿ ಈಗ ಮಾಡಬೇಕಾದದ್ದು ಇಷ್ಟೆ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಶ್ರವಣ ಪರೀಕ್ಷೆ ಮಾಡಿಸಬೇಕು, ಆ ವರದಿಯನ್ನು ಕಾಲಿನ ಪ್ರಮಾಣಪತ್ರದ ಜೊತೆಗಿಟ್ಟು ಎರಡನ್ನೂ ಸೇರಿಸಿ ಲೆಕ್ಕ ಹಾಕುವಂತೆ ಕೇಳಬೇಕು. ಮಗ ಜೊತೆಗೆ ಹೋಗಲಿ. ಅದಕ್ಕೂ ಮೊದಲು ಆಕೆಯನ್ನು ಕೂರಿಸಿ ಒಂದು ತುತ್ತು ಊಟ ಮಾಡಿಸಲಿ.