ಕಲ್ಹಾತಿನ ಕುದುರೆ, ಡೋಣಿಯ ನೀರು

ಒಮಾನಿಗೆ ಹೋದ ವಿಜಯಪುರದವರು ಕಾರು ಹಿಡಿದು ತಿರುಗುವುದಾದರೆ, ಮಸ್ಕತ್‌ನಿಂದ ಸೂರ್‌ವರೆಗಿನ ಸುಮಾರು 200 ಕಿ.ಮೀ. ಕರಾವಳಿ ಹೆದ್ದಾರಿಯನ್ನೇ ಮೊದಲು ಆರಿಸಿಕೊಳ್ಳಬೇಕು. ಸೂರ್‌ಗೆ ತುಸು ಮುಂಚೆ ಕಲ್ಹಾತ್ ಎಂಬ ಹಾಳೂರು ಸಿಗುತ್ತದೆ. 2018ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಈ ಊರು ಒಂದು ಕಾಲಕ್ಕೆ ಅರಬ್ಬೀ ಕುದುರೆಗಳು ಭಾರತಕ್ಕೆ ಹಡಗೇರುತ್ತಿದ್ದ ಬಂದರು. ದಖ್ಖನದ ಸುಲ್ತಾನರ ಸೇನೆಗೆ ಆ ಕುದುರೆಗಳೇ ಜೀವಾಳ. ಯೂಸುಫ್ ಆದಿಲ್‌ಖಾನನಿಗೆ ಗೋವೆಯ ಮೇಲಿದ್ದ ಆಸೆಗೆ ಅದೂ ಒಂದು ಕಾರಣ. ಪೋರ್ಚುಗೀಸರ ಅಲ್ಬುಕರ್ಕ್ 1508ರಲ್ಲಿ ಕಲ್ಹಾತನ್ನು ಸುಟ್ಟ, 1510ರಲ್ಲಿ ಗೋವೆಯನ್ನು ಕಿತ್ತುಕೊಂಡ. ಕುದುರೆ ದಾರಿಯ ಎರಡೂ ತುದಿ ಒಬ್ಬನಿಂದಲೇ ಪೆಟ್ಟು ತಿಂದವು. ಈಗ ಅಲ್ಲಿ ಎದ್ದು ಕಾಣುವುದು ಗುಮ್ಮಟ ಕುಸಿದ ಬೀಬಿ ಮರಿಯಮ್ಮಳ ಗೋರಿ. ಗೋಳಗುಮ್ಮಟ ನೋಡಿ ಬೆಳೆದ ಕಣ್ಣಿಗೆ ಅದು ಪುಟ್ಟದೆನಿಸೀತು. ಒಳಗೆ ಬಿಡುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ.

ತಿಕೋಟದ ಬೇಸಿಗೆ ಕಂಡವರಿಗೆ ಬಿಸಿಲು ಹೊಸದಲ್ಲ. ಆದರೂ ನವೆಂಬರಿನಿಂದ ಫೆಬ್ರುವರಿ ಲೇಸು. ಅಲ್ಲಿ ವಾಹನ ಓಡಿಸುವುದು ರಸ್ತೆಯ ಬಲಕ್ಕೆ. ರಾತ್ರಿ ಒಂಟೆಗಳು ಅಡ್ಡ ಬರುತ್ತವೆ.

ನಿಜವಾದ ಅಪಾಯ ಮರಳಲ್ಲ, ನೀರು. ‘ವಾದಿ’ ಎಂದರೆ ವರ್ಷವೆಲ್ಲ ಒಣಗಿ ಬಿದ್ದಿರುವ ಹಳ್ಳ. ದೂರದ ಗುಡ್ಡದಲ್ಲಿ ಮಳೆಯಾದರೆ ಇಲ್ಲಿ ಹನಿ ಬೀಳದೆಯೇ ತುಂಬಿ ಬರುತ್ತದೆ. ಸಾರವಾಡದ ಬಳಿ ಡೋಣಿ ಉಕ್ಕಿ ಬಬಲೇಶ್ವರದ ದಾರಿ ಕಟ್ಟಿದ್ದನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ಒಮಾನಿನಲ್ಲಿ ಶಾಲಾ ಮಕ್ಕಳಿದ್ದ ವಾಹನವೇ ಕೊಚ್ಚಿಹೋಯಿತು. ಮಳೆಯ ಮುನ್ಸೂಚನೆ ಇದ್ದ ದಿನ ವಾದಿ ದಾಟುವ ದಾರಿಯನ್ನು ಪಟ್ಟಿಯಿಂದ ತೆಗೆದುಬಿಡಿ.