ಬಾಣಕ್ಕೆ ಬಣ್ಣ ಹಚ್ಚುವ ಮುನ್ನ

ಕುಬಟೂರಿನಂತಹ ಊರಿನಲ್ಲಿ ಕಡ್ಡಿಗೆ ಬರವಿಲ್ಲ. ರಜೆಯಲ್ಲಿ ಮಕ್ಕಳು ಕೆತ್ತಿ ಬಾಣ ಮಾಡುತ್ತಾರೆ, ಆಮೇಲೆ ತಾಯಿಯ ಬಳಿ ಬಣ್ಣ ಕೇಳುತ್ತಾರೆ. ಅಟ್ಟದಲ್ಲಿರುವ ಹಳೆಯ ಪೇಂಟ್ ಡಬ್ಬಿ ಮಾತ್ರ ಕೊಡಬೇಡಿ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಸೀಸ ಮಗುವಿನ ಮೆದುಳಿಗೇ ಕುತ್ತು. ಕೈಗೆ ಸಿಕ್ಕಿದ್ದನ್ನು ಬಾಯಿಗಿಡದ ಮಗು ಯಾವುದಿದೆ?

ಚನ್ನಪಟ್ಟಣದ ಕುಶಲಕರ್ಮಿಗಳನ್ನು ನೋಡಿ. ತಿರುಗುವ ಆಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ; ತಿಕ್ಕಾಟದ ಬಿಸಿಗೆ ಅರಗು ಕರಗಿ ಅಂಟುತ್ತದೆ. ಹಳದಿಗೆ ಅರಿಸಿನ ಬೆರೆಸುವವರಿದ್ದಾರೆ.

ನಮಗೆ ಕುದಿಸಿದ ಅರಿಸಿನದ ನೀರೇ ಸಾಕು. ಒಣಗಿದ ಕಡ್ಡಿಯನ್ನು ಉಪ್ಪುಕಾಗದದಿಂದ ತಿಕ್ಕಿ, ಬಟ್ಟೆಯಲ್ಲಿ ಅದ್ದಿ ಹಚ್ಚಿ, ನೆರಳಲ್ಲಿ ಒಣಗಿಸಿ. ಸಾಬೂನು ತಾಗಿದರೆ ಕೆಂಪಾಗುತ್ತದೆ, ಬಿಸಿಲಿಗೆ ಮಾಸುತ್ತದೆ. ಮಾಸಲಿ, ಮತ್ತೆ ಹಚ್ಚಿದರಾಯಿತು. ಮೊನೆಯನ್ನು ಮಾತ್ರ ಮೊಂಡು ಮಾಡಿಯೇ ಕೊಡಿ.