ಕಡಿದ ದೇವದಾರು ಉಳಿಯಿತು, ಸುಲಿದ ಥುನೇರ್ ಸೊರಗಿತು

ಗ್ರಂಧಿಗೆ ಅಂಗಡಿಯ ದೇವದಾರು ಚಕ್ಕೆಯನ್ನು ನೀವು ಬಲ್ಲಿರಿ. ನಮ್ಮ ಕುರುಚಲು ಕಾಡುಗಳಲ್ಲಿಯೂ ಇದೇ ಹೆಸರಿನ ಗಿಡವೊಂದುಂಟು. ಅದು ಬೇರೆ ಜಾತಿ. ನಿಜವಾದ ದೇವದಾರು ಹಿಮಾಲಯದ ಮರ, 40-50 ಮೀಟರ್ ಎತ್ತರ ಬೆಳೆಯುತ್ತದೆ. ಅದರ ನೆರಳಿನಲ್ಲಿಯೇ ಇನ್ನೊಂದು ಗಿಡ್ಡ ಮರವಿದೆ. ಗಢವಾಲದವರು ಇದನ್ನು ಥುನೇರ್ ಎಂದೂ, ಹಿಮಾಚಲದವರು ರಖಾಲ್ ಎಂದೂ ಕರೆಯುತ್ತಾರೆ.

ಬ್ರಿಟಿಷರ ಕಾಲದಲ್ಲಿ ರೈಲು ಹಳಿಯ ಸ್ಲೀಪರುಗಳಿಗಾಗಿ ದೇವದಾರನ್ನು ಕಡಿದು ನದಿಗಳಲ್ಲಿ ತೇಲಿಬಿಟ್ಟದ್ದಕ್ಕೆ ಲೆಕ್ಕವಿಲ್ಲ. ಆದರೂ ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದಕ್ಕೆ ಅಪಾಯದ ಗುರುತಿಲ್ಲ. ಥುನೇರ್ ಮಾತ್ರ 2011ರಲ್ಲಿ ಅಳಿವಿನ ಅಪಾಯದ ವರ್ಗಕ್ಕೆ ಸೇರಿತು.

ಹೀಗೇಕೆ? ದೇವದಾರಿನ ಬೀಜಕ್ಕೆ ರೆಕ್ಕೆಯಿದೆ, ಗಾಳಿಗೆ ಹಾರಿ ಬಿದ್ದಲ್ಲಿ ಮೊಳೆಯುತ್ತದೆ. ನರ್ಸರಿಯಲ್ಲಿ ಸಸಿ ಮಾಡುವುದೂ ಕಷ್ಟವಲ್ಲ. ಥುನೇರಿನಲ್ಲಿ ನಮ್ಮ ಜಾಯಿಕಾಯಿಯಂತೆ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜ ಮೊಳೆಯಲು ಒಂದೆರಡು ವರ್ಷ ಬೇಕು, ಬೆಳವಣಿಗೆಯೂ ಬಲು ನಿಧಾನ.

ಇಂಥ ಮರಕ್ಕೆ ಕ್ಯಾನ್ಸರ್ ಔಷಧಿಯ ಬೇಡಿಕೆ ಬಂತು. ಅಮೆರಿಕದಲ್ಲಿ ಇದೇ ಕುಲದ ಮರದ ತೊಗಟೆಯಲ್ಲಿದ್ದ ಟ್ಯಾಕ್ಸಾಲ್‌ನ ರಚನೆಯನ್ನು 1971ರಲ್ಲಿ ಪ್ರಕಟಿಸಿದವರಲ್ಲಿ ಭಾರತ ಮೂಲದ ಮನ್ಸುಖ್ ವಾನಿ ಒಬ್ಬರು. 1992ರಲ್ಲಿ ಅಲ್ಲಿ ಔಷಧಿಗೆ ಮಂಜೂರಾತಿ ದೊರೆಯಿತು. ಒಂದು ಕಿಲೋ ಔಷಧಿಗೆ ಸುಮಾರು 10 ಟನ್ ತೊಗಟೆ! ಸುತ್ತ ತೊಗಟೆ ಸುಲಿದ ಮರ ಬದುಕದೆಂಬುದನ್ನು ನಿಮಗೆ ಹೇಳಬೇಕಾಗಿಲ್ಲ. ಮುಂದೆ ಎಲೆಯಿಂದಲೂ ಔಷಧಿ ಮಾಡುವ ಕ್ರಮ ಬಂದಿತು. ಹಿಮಾಲಯದಲ್ಲಿ ರೆಂಬೆಗಳನ್ನೇ ಬೋಳಿಸತೊಡಗಿದರು. 1995ರಿಂದ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಈಗ ಔಷಧಿಯನ್ನು ನೆಟ್ಟು ಬೆಳೆಸಿದ ಮರಗಳ ಎಲೆಯಿಂದಲೂ, ತೊಟ್ಟಿಗಳಲ್ಲಿ ಬೆಳೆಸಿದ ಸಸ್ಯಕೋಶಗಳಿಂದಲೂ ತಯಾರಿಸುತ್ತಾರೆ. ರೆಂಬೆಯ ತುಂಡು ನೆಟ್ಟು ಬೇರು ಬರಿಸಬಹುದಾದ್ದರಿಂದ ಮರವನ್ನು ಹೆಚ್ಚಿಸುವ ದಾರಿಯೂ ಇದೆ.

ಇಷ್ಟು ದೂರದ ಮರ ನಮಗೇಕೆ ಎನ್ನಬೇಡಿ. ಕೆಮ್ಮಿಗೆ ಬಳಸುವ ತಾಳೀಸಪತ್ರ ಹಿಮಾಲಯದ ಬೇರೊಂದು ಮರದ ಎಲೆ. ಅದರ ಬದಲು ಥುನೇರಿನ ಎಲೆಯೂ ಮಾರುಕಟ್ಟೆಗೆ ಬರುವುದುಂಟು. ತಾಳೀಸಪತ್ರದ ತುದಿ ಸೀಳಿದಂತಿದ್ದು, ಅಡಿಯಲ್ಲಿ ಎರಡು ಬಿಳಿ ಗೆರೆಗಳಿರುತ್ತವೆ. ಥುನೇರಿನ ಎಲೆಗೆ ಚೂಪು ತುದಿ, ಬಿಳಿ ಗೆರೆಯಿಲ್ಲ. ಈ ಎಲೆ ಮನುಷ್ಯರಿಗೂ ದನಕರುಗಳಿಗೂ ವಿಷ, ಒಣಗಿದರೂ ವಿಷ ಇಳಿಯದು. ಪುಡಿ ಕೊಳ್ಳದೆ ಇಡೀ ಎಲೆಯನ್ನೇ ಕೇಳಿ, ತಿರುಗಿಸಿ ನೋಡಿ ಕೊಳ್ಳಿರಿ.